ಒಣಕೊಂಬೆ ಕಡಿಯುವ ಮುನ್ನ: ಬೆಂಗಳೂರಿನ ಕುಟ್ರು ಹಕ್ಕಿಯ ಬಗ್ಗೆ ಒಂದು ಚರ್ಚೆ

ಮಾವಳ್ಳಿ ನಿವಾಸಿ

ನಮ್ಮ ರಸ್ತೆಯ ತಿರುವಿನಲ್ಲಿರುವ ಗುಲ್‌ಮೊಹರ್ ಮರದ ಒಂದು ದಪ್ಪ ಕೊಂಬೆ ಪೂರ್ತಿ ಒಣಗಿದೆ. ಅದರ ಅಡಿಮೈಯಲ್ಲಿ ಕೈವಾರದಿಂದ ಗೀಚಿದಷ್ಟು ದುಂಡಗೆ ಒಂದು ತೂತು ಇದೆ, ಒಳಗೆ ಕುಟ್ರು ಹಕ್ಕಿಯ ಸಂಸಾರ. ನಿವಾಸಿಗಳ ಸಂಘದ ಸಭೆಯಲ್ಲಿ ಮುಂಗಾರಿಗೆ ಮುನ್ನ ಆ ಕೊಂಬೆಯನ್ನು ತೆಗೆಸಬೇಕೆಂದು ತೀರ್ಮಾನವಾಗಿದೆ. ಅದರ ಕೆಳಗೆ ಮಕ್ಕಳ ಶಾಲಾ ವಾಹನ ನಿಲ್ಲುತ್ತದೆ. ಏಪ್ರಿಲ್, ಮೇ ತಿಂಗಳ ಗಾಳಿಮಳೆಗೆ ಗುಲ್‌ಮೊಹರ್ ಕೊಂಬೆಗಳು ಹೇಗೆ ಮುರಿದು ಬೀಳುತ್ತವೆ ಎಂಬುದನ್ನು ಬೆಂಗಳೂರಿನವರಿಗೆ ಹೇಳಬೇಕಾಗಿಲ್ಲ. ಸಂಘದವರ ಆತಂಕವನ್ನು ನಾನು ತಳ್ಳಿಹಾಕುತ್ತಿಲ್ಲ.

ಆದರೆ ಸಭೆಯಲ್ಲಿ ಹಿರಿಯರೊಬ್ಬರು ಆಡಿದ ಮಾತು ನನ್ನ ಮನಸ್ಸಿಗೆ ಒಗ್ಗಲಿಲ್ಲ. "ಹಕ್ಕಿಗೇನು, ಇನ್ನೊಂದು ಮರಕ್ಕೆ ಹೋಗುತ್ತದೆ" ಎಂದರು. ಹೋಗುತ್ತದೆಯೇ? ಸುತ್ತಮುತ್ತ ಮರಗಳೇನೋ ಇವೆ. ಆದರೆ ಇಡೀ ರಸ್ತೆಯಲ್ಲಿ ಇರುವ ಒಣಕೊಂಬೆ ಇದೊಂದೇ. ಈ ಹಕ್ಕಿಗೆ ಒಣಕೊಂಬೆಯೇ ಏಕೆ ಬೇಕು, ಮರಿಗಳು ಹಾರಿಹೋಗಲು ಎಷ್ಟು ಕಾಲ ಹಿಡಿಯುತ್ತದೆ, ಅಲ್ಲಿಯವರೆಗೆ ನಾವು ಏನು ಮಾಡಬಹುದು, ತಿಳಿದವರು ದಯವಿಟ್ಟು ಹೇಳಿ. ಮುಂದಿನ ಸಭೆಗೆ ಬರಿಯ ಮರುಕವನ್ನಲ್ಲ, ಸರಿಯಾದ ಮಾಹಿತಿಯನ್ನು ತೆಗೆದುಕೊಂಡು ಹೋಗಬೇಕೆಂದಿದ್ದೇನೆ.

ಹೆಬ್ಬಾಳದ ಪಕ್ಷಿವೀಕ್ಷಕಿ

ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು. ಇದು ನನ್ನ ಅಚ್ಚುಮೆಚ್ಚಿನ ಹಕ್ಕಿ, ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮಾವಳ್ಳಿಯ ಸುತ್ತ ಗೂಡು ಮಾಡುವುದು ಬಹುಮಟ್ಟಿಗೆ ಬಿಳಿಗೆನ್ನೆಯ ಕುಟ್ರು. ಉದ್ದ ಸುಮಾರು 23 ಸೆಂಟಿಮೀಟರ್. ಮೈಯೆಲ್ಲ ಎಲೆಹಸಿರು, ತಲೆ ಕಂದು, ಕಣ್ಣಿನ ಕೆಳಗೆ ಅಗಲವಾದ ಬಿಳಿ ಪಟ್ಟೆ, ದಪ್ಪ ಕೊಕ್ಕಿನ ಬುಡದಲ್ಲಿ ಬಿರುಗೂದಲು. ವೈಜ್ಞಾನಿಕ ಹೆಸರು ಸೈಲೊಪೊಗಾನ್ ವಿರಿಡಿಸ್. ಹಳೆಯ ಕೈಪಿಡಿಗಳಲ್ಲಿ ಮೆಗಲೈಮಾ ವಿರಿಡಿಸ್ ಎಂದಿರುತ್ತದೆ, ಎರಡೂ ಒಂದೇ. ಜಗತ್ತಿನಲ್ಲಿ ಈ ಹಕ್ಕಿ ಇರುವುದು ಪಶ್ಚಿಮ ಘಟ್ಟದಲ್ಲಿ ಮತ್ತು ಅದಕ್ಕೆ ಹತ್ತಿರದ ಬೆಟ್ಟಗಳು, ಊರುಗಳಲ್ಲಿ ಮಾತ್ರ. ಗುಜರಾತಿನ ಡಾಂಗ್ ಕಾಡುಗಳಿಂದ ಹಿಡಿದು ಕೇರಳದ ದಕ್ಷಿಣ ತುದಿಯವರೆಗೆ ಇದರ ನೆಲೆ. ಸಭೆಯಲ್ಲಿ ಇದನ್ನು ಮೊದಲು ಹೇಳಿ. ನಿಮ್ಮ ರಸ್ತೆಯ ಹಕ್ಕಿ ಎಲ್ಲೆಲ್ಲೂ ಸಿಗುವ ಹಕ್ಕಿಯಲ್ಲ. ಅದು ಕಾಡಿನ ಹಕ್ಕಿ. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಮತ್ತು ಹಳೆಯ ಬಡಾವಣೆಗಳ ಮರಗಳು ಒದಗಿಬಂದದ್ದರಿಂದ ನಮ್ಮ ನಡುವೆ ಬದುಕುತ್ತಿದೆ.

ಒಣಕೊಂಬೆ ಏಕೆ ಎಂದರೆ, ಕುಟ್ರು ತನ್ನ ಗೂಡನ್ನು ತಾನೇ ಕೊರೆಯುತ್ತದೆ. ಮರಕುಟಿಗನಿಗೆ ಇದು ದೂರದ ಬಂಧು, ಎರಡೂ ಒಂದೇ ಗಣಕ್ಕೆ ಸೇರಿವೆ. ದಕ್ಷಿಣ ಅಮೆರಿಕದ ದೊಡ್ಡ ಕೊಕ್ಕಿನ ಟೂಕನ್ ಕೂಡ ಅದೇ ಗಣದ್ದು. ಕಾಲಿನ ಬೆರಳುಗಳನ್ನು ನೋಡಿ: ಎರಡು ಮುಂದಕ್ಕೆ, ಎರಡು ಹಿಂದಕ್ಕೆ. ಲಂಬವಾದ ಕೊಂಬೆಯನ್ನು ಕಚ್ಚಿ ಹಿಡಿಯಲು ಅದು ಬೇಕು. ಆದರೆ ಕೊಕ್ಕು ಮರಕುಟಿಗನ ಉಳಿಯಂಥದ್ದಲ್ಲ, ಹಣ್ಣು ಕೀಳುವುದಕ್ಕೆ ಆದ ಕೊಕ್ಕು. ಆದ್ದರಿಂದ ಸತ್ತು ಮೆದುವಾದ ಮರವೇ ಆಗಬೇಕು. ಹಸಿಮರದ ಗಟ್ಟಿ ಕೊಂಬೆಗೆ ಅದು ಗೂಡು ಕೊರೆಯಲಾರದು.

ಕೇರಳದ ಪೆರಿಯಾರ್ ಕಾಡಿನಲ್ಲಿ ಈ ಹಕ್ಕಿಗಳ ಸಂತಾನಕ್ರಮವನ್ನು ಚೆನ್ನಾಗಿ ಗಮನಿಸಿದ್ದಾರೆ. ಅಲ್ಲಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಗೂಡಿನ ಕಾಲ. ಗಂಡು ಹೆಣ್ಣು ಎರಡೂ ಸೇರಿ ಕೊರೆಯುತ್ತವೆ. ಮುಗಿಯಲು ಸುಮಾರು 20 ದಿನ. ಮುಗಿದ ಮೂರರಿಂದ ಐದು ದಿನಕ್ಕೆ ಮೊಟ್ಟೆ, ಸಾಮಾನ್ಯವಾಗಿ ಮೂರು. ಹಗಲಿನಲ್ಲಿ ಇಬ್ಬರೂ ಸರದಿಯಂತೆ ಕಾವು ಕೂರುತ್ತಾರೆ, ರಾತ್ರಿ ಹೆಣ್ಣು ಮಾತ್ರ. 14 ರಿಂದ 15 ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಮರಿಗಳು ಗೂಡು ಬಿಡುವುದು ಅದಾದ 36 ರಿಂದ 38 ದಿನಗಳ ಮೇಲೆ. ಕೊರೆಯಲು ಶುರುಮಾಡಿದಂದಿನಿಂದ ಮರಿ ಹಾರುವವರೆಗೆ ಎರಡೂವರೆ ತಿಂಗಳು ಎಂದಿಟ್ಟುಕೊಳ್ಳಿ. ನಡುವೆ ಕೊಂಬೆ ಹೋದರೆ ಆ ಜೋಡಿ ಇನ್ನೊಂದು ಒಣಕೊಂಬೆಯನ್ನು ಹುಡುಕಿ ಮೊದಲಿನಿಂದ ಶುರುಮಾಡಬೇಕು. ಅಷ್ಟರಲ್ಲಿ ಮಳೆಗಾಲ ಬಂದುಬಿಟ್ಟಿರುತ್ತದೆ. "ಇನ್ನೊಂದು ಮರಕ್ಕೆ ಹೋಗುತ್ತದೆ" ಎಂಬ ಮಾತಿಗೆ ಇದೇ ಉತ್ತರ.

ಈಗ ಯಾವ ಹಂತದಲ್ಲಿದೆ ಎಂದು ಕೆಳಗೆ ನಿಂತೇ ತಿಳಿಯಬಹುದು. ನೆಲದಲ್ಲಿ ಹೊಸ ಮರದ ಪುಡಿ ಬಿದ್ದಿದ್ದರೆ ಇನ್ನೂ ಕೊರೆಯುತ್ತಿದೆ. ಒಂದು ಒಳಹೋದ ಕೂಡಲೇ ಇನ್ನೊಂದು ಹೊರಬರುತ್ತಿದ್ದರೆ, ಕೊಕ್ಕು ಖಾಲಿಯಿದ್ದರೆ, ಕಾವಿನ ಕಾಲ. ಕೊಕ್ಕಿನಲ್ಲಿ ಹುಳುಹುಪ್ಪಟೆ ಹಿಡಿದು ಪದೇಪದೇ ಬರುತ್ತಿದ್ದರೆ ಮರಿಗಳಿವೆ. ದೊಡ್ಡ ಹಕ್ಕಿಗಳು ಹಣ್ಣು ತಿಂದು ಬದುಕಿದರೂ ಮರಿಗಳಿಗೆ ಕೀಟಗಳನ್ನು ಹೆಚ್ಚು ಉಣಿಸುತ್ತವೆ. ಬೆಳೆಯುವ ಮೈಗೆ ಬೇಕಾದ ಪ್ರೋಟೀನು ಹಣ್ಣಿನಲ್ಲಿ ಸಾಲದು.

ಬನಶಂಕರಿ ರಾತ್ರಿಪಾಳಿ

ನನಗೆ ಈ ಹಕ್ಕಿಯ ಮೇಲೆ ದ್ವೇಷವೇನೂ ಇಲ್ಲ. ಆದರೆ ನಾನು ರಾತ್ರಿ ಕೆಲಸ ಮಾಡಿ ಬೆಳಿಗ್ಗೆ ಮಲಗುವವನು. ಜನವರಿಯಿಂದ ನಮ್ಮ ಮನೆಯ ಹಿಂದೆ ಒಂದು ಕೂಗತೊಡಗಿದರೆ ನಿಲ್ಲಿಸುವುದೇ ಇಲ್ಲ. ಅದು ಕೂಗಿದರೆ ದೂರದಿಂದ ಇನ್ನೊಂದು ಉತ್ತರಿಸುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲೂ ಬಿಡುವಿಲ್ಲ. ಏಕೆ ಇಷ್ಟು ಕೂಗಬೇಕು ಎಂದಾದರೂ ತಿಳಿದರೆ ಸಮಾಧಾನವಾದೀತು.

ಹೆಬ್ಬಾಳದ ಪಕ್ಷಿವೀಕ್ಷಕಿ

ನಿಮ್ಮ ಕಷ್ಟ ಅರ್ಥವಾಗುತ್ತದೆ. ಒಂದು ಒಳ್ಳೆಯ ಸುದ್ದಿಯಿದೆ. ಕೂಗು ಅತಿ ಜೋರಾಗುವುದು ಜೋಡಿಗೂಡುವ ಕಾಲದಲ್ಲಿ. ಮೊಟ್ಟೆ ಒಡೆದು ಮರಿಗಳಾದ ಮೇಲೆ ಬಹಳ ಇಳಿಯುತ್ತದೆ. ಹಣ್ಣಿನ ಮರದಲ್ಲಿ ಕುಳಿತು ತಿನ್ನುವಾಗಲೂ ಅವು ಬಹುತೇಕ ಮೌನ. ಮೊದಲು ಗಂಟಲಲ್ಲಿ ಒಂದು ಸಣ್ಣ ಟ್ರ್ರ್ ಎಂಬ ಸದ್ದು, ಆಮೇಲೆ ಕುಟ್ರೂ ಕುಟ್ರೂ ಎಂದು ಸಾಲಾಗಿ ಹೊರಡುತ್ತದೆ. ತನ್ನ ಎಲ್ಲೆಯನ್ನು ಅಕ್ಕಪಕ್ಕದ ಜೋಡಿಗೆ ಸಾರುವ ಕೆಲಸವದು, ಅದಕ್ಕೇ ಉತ್ತರ ಬರುತ್ತದೆ.

ಒಂದು ವೇಳೆ ನೀವು ಕೇಳುತ್ತಿರುವುದು ಲೋಹ ಬಡಿದಂತೆ ಟುಕ್, ಟುಕ್, ಟುಕ್ ಎಂದು ಒಂದೇ ಲಯದಲ್ಲಿ ಬರುವ ಸದ್ದಾದರೆ, ಅದು ಇದೇ ಕುಟುಂಬದ ಚಿಕ್ಕ ಹಕ್ಕಿ, ಕಂಚುಗಾರ. ಸುಮಾರು 17 ಸೆಂಟಿಮೀಟರ್, ಹಣೆಯೂ ಎದೆಯೂ ಕಡುಕೆಂಪು. ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಕೂಗಬಲ್ಲದು, ಅದೂ ಕೊಕ್ಕು ತೆರೆಯದೆ. ಗಂಟಲಿನ ಇಕ್ಕೆಲದ ಬೋಳುಚರ್ಮ ಪ್ರತಿ ಸದ್ದಿಗೂ ಉಬ್ಬಿ ಇಳಿಯುತ್ತದೆ. ದುರ್ಬೀನು ಸಿಕ್ಕರೆ ಒಮ್ಮೆ ನೋಡಿ. ನಿದ್ದೆ ಕೆಟ್ಟ ಸಿಟ್ಟು ಸ್ವಲ್ಪ ಕಡಿಮೆಯಾಗುತ್ತದೆ ಎಂದು ನಂಬಿದ್ದೇನೆ.

ಸಕಲೇಶಪುರದ ಕಡೆಯವನು

ನಮ್ಮೂರಿನಲ್ಲಿ ಕುಟ್ರು ಕೂಗದ ಬೆಳಗೇ ಇಲ್ಲ. ಉದ್ಯೋಗಕ್ಕೆಂದು ಬೆಂಗಳೂರಿಗೆ ಬಂದು ಮಲ್ಲೇಶ್ವರದಲ್ಲಿ ಮನೆ ಮಾಡಿದಾಗ ಮೊದಲ ಬೇಸಿಗೆಯಲ್ಲೇ ಈ ಕೂಗನ್ನು ಕೇಳಿ ಮನಸ್ಸು ತುಂಬಿತ್ತು.

ಇಲ್ಲಿ ಗೂಡಿನ ವಿಚಾರ ಬಂತು, ನಾನು ಹಣ್ಣಿನ ವಿಚಾರ ಹೇಳುತ್ತೇನೆ. ನಮ್ಮ ಅಜ್ಜನ ಕಾಲದಲ್ಲಿ ಕಾಫಿ ತೋಟಕ್ಕೆ ನೆರಳೆಂದು ಬಸರಿ, ಗೋಣಿ, ಅತ್ತಿ ಮರಗಳನ್ನು ಉಳಿಸಿಕೊಳ್ಳುತ್ತಿದ್ದರು. ಒಂದು ಗೋಣಿಮರ ಹಣ್ಣಾದರೆ ಕುಟ್ರು, ಪಿಕಳಾರ, ಕಾಡುಪಾರಿವಾಳ, ಕಾಮಳ್ಳಿ, ಕೋಗಿಲೆ, ಹಗಲಿನಲ್ಲಿ ಕೆಂಜಳಿಲು, ರಾತ್ರಿ ಬಾವಲಿ, ಹೀಗೆ ಊರಿಗೆ ಊರೇ ಬಂದು ಉಣ್ಣುತ್ತಿತ್ತು. ಈಗ ಬೇಗ ಬೆಳೆಯುತ್ತದೆ, ನೇರವಾಗಿರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ ಎಂದು ಬಹಳ ಕಡೆ ಸಿಲ್ವರ್ ಓಕ್ ಬಂದಿದೆ. ಅದು ಆಸ್ಟ್ರೇಲಿಯದ ಮರ, ಅದರಲ್ಲಿ ಹಕ್ಕಿ ತಿನ್ನುವಂಥ ತಿರುಳಿನ ಹಣ್ಣಿಲ್ಲ. ದೂರದಿಂದ ನೋಡಿದರೆ ತೋಟ ಹಸಿರಾಗಿಯೇ ಕಾಣುತ್ತದೆ. ಹಣ್ಣು ತಿನ್ನುವ ಹಕ್ಕಿಗೆ ಆ ಹಸಿರಿನಲ್ಲಿ ಊಟವಿಲ್ಲ.

ಇನ್ನೊಂದು ವಿಷಯ. ಯಾವ ಹಕ್ಕಿಯ ಬಾಯಿ ಎಷ್ಟು ಅಗಲವೋ ಅದು ಅಷ್ಟು ದೊಡ್ಡ ಬೀಜವನ್ನು ಸಾಗಿಸಬಲ್ಲದು. ಕುಟ್ರು ಆಲ, ಬಸರಿ, ಗೋಣಿಯಂಥ ಸಣ್ಣ ಹಣ್ಣನ್ನು ಇಡಿಯಾಗಿ ನುಂಗುತ್ತದೆ, ದೊಡ್ಡದಾದರೆ ಕುಕ್ಕಿ ತಿನ್ನುತ್ತದೆ. ರಾಮಪತ್ರೆ, ರಾಳಧೂಪದಂಥ ದಪ್ಪ ಬೀಜದ ಮರಗಳಿಗೆ ಮಂಗಟ್ಟೆಯೇ ಬೇಕು. ದೊಡ್ಡ ಮಂಗಟ್ಟೆ ಒಂದು ಮೀಟರಿನಷ್ಟು ಉದ್ದದ ಹಕ್ಕಿ, ತೂಕ ಎರಡರಿಂದ ನಾಲ್ಕು ಕಿಲೋ. ಅದರ ಹೆಣ್ಣು ದೊಡ್ಡ ಮರದ ಪೊಟರೆಯೊಳಗೆ ಕುಳಿತು ಬಾಗಿಲನ್ನು ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಬಿಟ್ಟಿರುತ್ತದೆ. ಗಂಡು ವಾರಗಟ್ಟಲೆ ಆ ಸೀಳಿನಲ್ಲಿ ಹಣ್ಣು ಕೊಡುತ್ತದೆ. ಮಂಗಟ್ಟೆಗೆ ಪೊಟರೆಯನ್ನು ಕೊರೆಯುವ ಶಕ್ತಿಯಿಲ್ಲ, ತಾನಾಗಿ ಆದ ಪೊಟರೆ ಇರುವ ಹಳೆಯ ದೈತ್ಯ ಮರ ಬೇಕು. ಅದಕ್ಕೆಂದೇ ಉತ್ತರ ಕನ್ನಡದ ದಾಂಡೇಲಿಯಲ್ಲಿ 2011ರಲ್ಲಿ ಮಂಗಟ್ಟೆ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು.

ಬೆಂಗಳೂರಿನಲ್ಲಿ ದೊಡ್ಡ ಮಂಗಟ್ಟೆಯನ್ನು ಕಾಣುವ ಆಸೆ ಇಟ್ಟುಕೊಳ್ಳಲಾಗದು. ಕುಟ್ರು ಅಷ್ಟು ಕೇಳುವುದಿಲ್ಲ. ಒಂದು ಮೆದುವಾದ ಕೊಂಬೆ, ವರ್ಷವಿಡೀ ಸಿಗುವ ಹಣ್ಣು. ಇಷ್ಟು ಕೊಟ್ಟರೆ ಇರುತ್ತದೆ. ಇಷ್ಟನ್ನೂ ಕೊಡಲಾರೆವು ಎನ್ನುವುದು ಸರಿಯೇ?

ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು

ವರ್ಷವಿಡೀ ಹಣ್ಣು ಎಂಬ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇದರಲ್ಲೇ ಇಡೀ ವಿಷಯದ ಗಂಟಿದೆ.

ಮಾವು, ನೇರಳೆ, ಬೇವು ಇವುಗಳಿಗೆಲ್ಲ ಒಂದು ಕಾಲವಿದೆ. ಆ ಕಾಲ ಮುಗಿದರೆ ಹಣ್ಣಿಲ್ಲ. ಆಲ, ಅರಳಿ, ಅತ್ತಿ, ಬಸರಿ, ಗೋಣಿ, ಈ ಅತ್ತಿ ಕುಲದ ಮರಗಳು ಹಾಗಲ್ಲ. ಒಂದೇ ಊರಿನ ಒಂದು ಅತ್ತಿಮರ ಈ ತಿಂಗಳು ಹಣ್ಣಾದರೆ ಪಕ್ಕದ ಬೀದಿಯದು ಮತ್ತೊಂದು ತಿಂಗಳು. ಇದು ಆಕಸ್ಮಿಕವಲ್ಲ. ಅತ್ತಿಹಣ್ಣನ್ನು ಬಿಡಿಸಿದರೆ ಒಳಗೆಲ್ಲ ಹುಳು ಎಂದು ಮೂಗು ಮುರಿಯುತ್ತೇವಲ್ಲ, ಆ ಸಣ್ಣ ಕಣಜಗಳೇ ಇದಕ್ಕೆ ಕಾರಣ. ನಾವು ಅತ್ತಿಕಾಯಿ ಎನ್ನುವುದು ನಿಜವಾಗಿ ಒಳಮುಖವಾಗಿ ಅರಳುವ ನೂರಾರು ಹೂಗಳ ಗುಚ್ಛ. ಅದರ ತುದಿಯ ಸಣ್ಣ ರಂಧ್ರದಿಂದ ಹೆಣ್ಣು ಕಣಜ ಒಳನುಗ್ಗಿ, ಪರಾಗ ಹರಡಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಅದರ ಮರಿಗಳು ಬೆಳೆದು, ಒಳಗೇ ಕೂಡಿ, ಪರಾಗ ಹೊತ್ತ ಹೆಣ್ಣುಗಳು ಹೊರಗೆ ಹಾರುತ್ತವೆ. ಹೊರಬಂದ ಕಣಜದ ಆಯುಷ್ಯ ಒಂದೆರಡು ದಿನ. ಅಷ್ಟರೊಳಗೆ ಅದೇ ಜಾತಿಯ, ಕಾಯಿ ಕಟ್ಟುವ ಹಂತದ ಇನ್ನೊಂದು ಮರ ಸಿಗಬೇಕು. ಎಲ್ಲ ಮರಗಳೂ ಒಟ್ಟಿಗೆ ಹಣ್ಣಾಗಿ ಒಟ್ಟಿಗೆ ಸುಮ್ಮನಾದರೆ ಕಣಜದ ವಂಶವೇ ಅಳಿಯುತ್ತದೆ, ಅದರ ಹಿಂದೆಯೇ ಮರದ್ದೂ. ಆದ್ದರಿಂದ ಮರಗಳು ಸರದಿಯಂತೆ ಹಣ್ಣಾಗುತ್ತವೆ. ಕಣಜದ ಅಗತ್ಯಕ್ಕೆ ಆದ ಈ ಸರದಿ, ಹಣ್ಣು ತಿನ್ನುವ ಹಕ್ಕಿಗಳಿಗೆ ಬರಗಾಲದ ಅನ್ನವಾಗಿದೆ.

ಬೆಂಗಳೂರಿನಲ್ಲಿ ಇದಕ್ಕೆ ಹೋಲುವ ಒಂದು ಯೋಚನೆ ಮನುಷ್ಯರೂ ಮಾಡಿದ್ದರು. 1908ರಿಂದ 1932ರವರೆಗೆ ಲಾಲ್‌ಬಾಗನ್ನು ನೋಡಿಕೊಂಡ ಜರ್ಮನ್ ತೋಟಗಾರಿಕಾ ತಜ್ಞ ಕ್ರುಂಬಿಗಲ್, ಒಂದು ಜಾತಿಯ ಮರ ಹೂಬಿಟ್ಟು ಮುಗಿಯುವ ಹೊತ್ತಿಗೆ ಇನ್ನೊಂದು ಅರಳಬೇಕು ಎಂಬಂತೆ ನಗರದ ಸಾಲುಮರಗಳನ್ನು ಯೋಜಿಸಿದರು. ಇಂದು ಟಬೆಬುಯಾ, ಜಕರಂಡ, ಗುಲ್‌ಮೊಹರ್ ಒಂದರ ಹಿಂದೊಂದು ಅರಳಿ ನಾವು ಫೋಟೋ ತೆಗೆದು ಸಂತೋಷಪಡುವುದರ ಹಿಂದೆ ಆ ಯೋಜನೆಯಿದೆ. ನನಗೆ ಅವರ ಮೇಲೆ ಅಪಾರ ಗೌರವ. ಆದರೆ ಈ ಮೂರು ಮರಗಳಲ್ಲಿ ಯಾವುದಕ್ಕೂ ಹಕ್ಕಿ ತಿನ್ನುವ ಹಣ್ಣಿಲ್ಲ. ಕಣ್ಣಿಗೆ ಹೂವಿನ ಸರದಿಯನ್ನು ಒದಗಿಸಿದ ಈ ನಗರ ಹಣ್ಣಿನ ಸರದಿಯನ್ನೂ ಬೇಕೆಂದೇ ಒದಗಿಸಬೇಕು ಎಂದು ನಾನು ಒತ್ತಿ ಹೇಳುತ್ತೇನೆ. ಈಗ ಆ ಸರದಿಯನ್ನು ನಡೆಸುತ್ತಿರುವುದು ಹೆಚ್ಚಾಗಿ ಅರಳಿಕಟ್ಟೆಗಳು, ಹಳೆಯ ರಸ್ತೆಗಳಲ್ಲಿ ಉಳಿದಿರುವ ಗೋಣಿಮರಗಳು, ಕೆರೆ ಏರಿಯ ಅತ್ತಿಮರಗಳು. ನಾಗರಕಲ್ಲಿಗೆ ನೆರಳಾಗಲೆಂದು ಹಿಂದಿನವರು ನೆಟ್ಟ ಅರಳಿಯಲ್ಲಿ ಕುಟ್ರು ಇಂದಿಗೂ ಉಣ್ಣುತ್ತಿದೆ.

ಇನ್ನು ಶ್ರೀಗಂಧ. ಕುಟ್ರು, ಕೋಗಿಲೆ, ಪಿಕಳಾರ ಈ ಹಕ್ಕಿಗಳು ಗಂಧದ ಕಪ್ಪು ಹಣ್ಣನ್ನು ತಿಂದು ಬೀಜ ಬೀಳಿಸುತ್ತವೆ. ಗಂಧದ ಗಿಡ ಅರೆಪರಾವಲಂಬಿ, ಪಕ್ಕದ ಗಿಡದ ಬೇರಿಗೆ ತನ್ನ ಬೇರನ್ನು ಕಚ್ಚಿಸಿ ಆಹಾರ ಹೀರದಿದ್ದರೆ ಸೊರಗುತ್ತದೆ. ಹಕ್ಕಿ ಬೀಜವನ್ನು ಹಾಕುವುದು ತಾನು ಕೂರುವ ಜಾಗದ ಕೆಳಗೆ, ಎಂದರೆ ಪೊದೆ, ಬೇಲಿ, ಮರದ ಬುಡ. ಅಲ್ಲಿ ಆಸರೆಯ ಗಿಡ ಇದ್ದೇ ಇರುತ್ತದೆ. ಬೆಂಗಳೂರಿನ ಹಳೆಯ ಆವರಣಗಳಲ್ಲಿ ಯಾರೂ ನೆಡದ ಗಂಧದ ಸಸಿಗಳು ಬೇಲಿಯ ಒಳಗಿನಿಂದ ಎದ್ದು ಬರುವುದು ಹೀಗೆ.

ಆರ್.ಟಿ. ನಗರದ ಓದುಗ

ಮೇಷ್ಟ್ರೇ, ಒಂದು ಮಾತು. ಹಕ್ಕಿ ಗಂಧವನ್ನು ಮಾತ್ರ ಬಿತ್ತುವುದಿಲ್ಲವಲ್ಲ. ಬನ್ನೇರುಘಟ್ಟದ ಕಾಡಿನ ಅಂಚಿನಲ್ಲಿ ಲಂಟಾನ ಹೇಗೆ ಹಬ್ಬಿದೆ ನೋಡಿ. ಅದರ ಹಣ್ಣನ್ನು ತಿಂದು ಹರಡುವುದೂ ಹಕ್ಕಿಗಳೇ. ನಮ್ಮ ಕಟ್ಟಡದ ನೀರಿನ ತೊಟ್ಟಿಯ ಪಕ್ಕದ ಬಿರುಕಿನಲ್ಲಿ ಅರಳಿ ಸಸಿ ಪದೇಪದೇ ಹುಟ್ಟಿ ಗೋಡೆಯನ್ನೇ ಸೀಳುತ್ತಿದೆ. ಹಣ್ಣು ತಿನ್ನುವ ಹಕ್ಕಿ ಮಾಡುವುದೆಲ್ಲ ಒಳ್ಳೆಯದೇ ಎಂಬ ಧಾಟಿ ಸರಿಯಲ್ಲ ಎಂದು ನನ್ನ ಅಭಿಪ್ರಾಯ.

ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು

ಒಪ್ಪುತ್ತೇನೆ. ಹಕ್ಕಿಗೆ ಸ್ಥಳೀಯ ಗಿಡ, ಪರದೇಶಿ ಗಿಡ ಎಂಬ ಭೇದವಿಲ್ಲ. ಏನು ನೆಟ್ಟಿದ್ದೇವೋ ಅದನ್ನೇ ಅದು ಹರಡುತ್ತದೆ. ಲಂಟಾನವನ್ನು ಈ ನೆಲಕ್ಕೆ ತಂದವರು ಮನುಷ್ಯರು, ಬೇಲಿಗೂ ಅಂದಕ್ಕೂ ಎಂದು ತಂದರು. ಆದ್ದರಿಂದ ನಾವು ಯಾವ ಹಣ್ಣಿನ ಗಿಡ ನೆಡುತ್ತೇವೆ ಎಂಬುದರ ಬಗ್ಗೆ ಇನ್ನೂ ಹೆಚ್ಚು ಜವಾಬ್ದಾರಿ ಬೇಕು. ಗೋಡೆಯ ಅರಳಿ ಸಸಿಯನ್ನು ಎರಡು ಎಲೆ ಇರುವಾಗಲೇ, ಮಳೆ ಬಂದು ಬಿರುಕು ಒದ್ದೆಯಾಗಿರುವಾಗ, ಬೇರುಸಹಿತ ಎಳೆದು ಕುಂಡದಲ್ಲಿ ನೆಡಿ. ಬಿರುಕನ್ನು ಸಿಮೆಂಟಿನಿಂದ ಮುಚ್ಚಿ. ಬೇರು ಉಳಿದರೆ ಮತ್ತೆ ಚಿಗುರುತ್ತದೆ.

ದೊಡ್ಡಬಳ್ಳಾಪುರದ ರೈತ

ನಗರದವರ ಚರ್ಚೆಯಲ್ಲಿ ನಮ್ಮ ಮಾತೂ ಇರಲಿ. ನಮ್ಮದು ಸೀಬೆ ತೋಟ, ಸ್ವಲ್ಪ ದ್ರಾಕ್ಷಿ. ಕುಟ್ರು, ಗಿಳಿ, ಪಿಕಳಾರ ಎಲ್ಲವೂ ಬರುತ್ತವೆ. ಒಂದು ಹಣ್ಣನ್ನು ಪೂರ್ತಿ ತಿಂದು ಹೋದರೆ ಚಿಂತೆಯಿಲ್ಲ. ಕುಕ್ಕಿ ಬಿಟ್ಟ ಹಣ್ಣು ಮಾರುಕಟ್ಟೆಯಲ್ಲಿ ಬೆಲೆಗೆ ಬರುವುದಿಲ್ಲ. ಬಲೆ ಹಾಕದೆ ನಮಗೆ ವಿಧಿಯಿಲ್ಲ. ಆದರೆ ಸಡಿಲವಾಗಿ ಹೊದಿಸಿದ ತೆಳು ನೈಲಾನ್ ಬಲೆಯಲ್ಲಿ ಹಕ್ಕಿ ಸಿಕ್ಕಿಕೊಂಡು ಸಾಯುತ್ತದೆ. ಅದನ್ನು ನೋಡಿದ ಮೇಲೆ ಊಟ ರುಚಿಸುವುದಿಲ್ಲ. ಈಗ ಕಂಬ ನೆಟ್ಟು, ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತೇವೆ. ಬಿಗಿಯಾಗಿದ್ದರೆ ಹಕ್ಕಿ ತಾಗಿ ಹಿಂದಕ್ಕೆ ಹೋಗುತ್ತದೆ, ಕಾಲು ಸಿಕ್ಕುವುದಿಲ್ಲ. ಬದುವಿನ ಮೇಲಿನ ಅತ್ತಿಮರವನ್ನು ನಮ್ಮ ತಂದೆಯವರು ಕಡಿಯಗೊಡಲಿಲ್ಲ, ನಾನೂ ಕಡಿಯುವುದಿಲ್ಲ. ಅದು ಹಣ್ಣಾದ ದಿನಗಳಲ್ಲಿ ಹಕ್ಕಿಗಳ ಗಮನವೆಲ್ಲ ಅದರ ಮೇಲೆಯೇ ಇರುತ್ತದೆ.

ಯಲಹಂಕದ ಮರಗೆಲಸದವರು

ಮರ ಹತ್ತಿ ಕೊಂಬೆ ಸವರುವುದು ನಮ್ಮ ಕಸುಬು. ಮಾವಳ್ಳಿಯವರ ಪ್ರಶ್ನೆಗೆ ನನಗೆ ತಿಳಿದದ್ದನ್ನು ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಕೊಂಬೆಯನ್ನಲ್ಲ, ಅದು ಕಾಂಡಕ್ಕೆ ಸೇರುವ ಕಂಕುಳನ್ನು. ಅಲ್ಲಿ ಅಣಬೆ ಎದ್ದಿದೆಯೇ, ತೊಗಟೆ ಬಿರಿದಿದೆಯೇ, ಬಡಿದರೆ ಪೊಳ್ಳು ಸದ್ದು ಬರುತ್ತದೆಯೇ ನೋಡಿ. ಇವು ಇದ್ದರೆ ನಿಜವಾಗಿಯೂ ಅಪಾಯ, ಮರಿಗಳಿದ್ದರೂ ಕೆಳಗಿನ ಜಾಗವನ್ನು ಕೂಡಲೇ ಮುಚ್ಚಬೇಕು. ಕಂಕುಳು ಗಟ್ಟಿಯಾಗಿದ್ದರೆ ಗಾಬರಿ ಬೇಡ. ಒಣಕೊಂಬೆಗೆ ಎಲೆಯ ಭಾರವಿಲ್ಲ, ಗಾಳಿ ಹಿಡಿಯುವುದೂ ಕಡಿಮೆ.

ಜನ ಸಾಮಾನ್ಯವಾಗಿ ಒಣಗಿದ್ದು ಎಂದರೆ ಬುಡಕ್ಕೇ ಕಡಿಸುತ್ತಾರೆ. ಹಾಗೆ ಮಾಡಬೇಕಾಗಿಲ್ಲ. ತೂತಿನಿಂದಾಚೆ ತುದಿಯ ಭಾಗವನ್ನು ಮಾತ್ರ ಹಗ್ಗ ಕಟ್ಟಿ ತುಂಡುತುಂಡಾಗಿ ಇಳಿಸಿ. ಗೂಡಿನ ಕೋಣೆ ತೂತಿನಿಂದ ಒಳಕ್ಕೆ ಒಂದಡಿಗೂ ಹೆಚ್ಚು ಇಳಿದಿರುತ್ತದೆ. ಆದ್ದರಿಂದ ತೂತಿನ ಎರಡೂ ಬದಿಗೆ ಕನಿಷ್ಠ ಎರಡಡಿ ಮರ ಉಳಿಸಿ. ಕಾಂಡದ ಕಡೆಗೆ ಉಳಿಯುವ ಮೋಟು ಗಿಡ್ಡವಾಗಿ, ಗಟ್ಟಿಯಾಗಿ ಇರುತ್ತದೆ. ಮುರಿದು ಬೀಳುವ ಭಯವೂ ತಪ್ಪುತ್ತದೆ, ಮುಂದಿನ ವರ್ಷಕ್ಕೆ ಹಕ್ಕಿಗೂ ಜಾಗ ಉಳಿಯುತ್ತದೆ. ಈ ಕೆಲಸವನ್ನು ಮರಿ ಹಾರಿದ ಮೇಲೆಯೇ ಮಾಡಿ. ಗರಗಸದ ಯಂತ್ರದ ನಡುಕಕ್ಕೆ ಹೆದರಿ ತಾಯ್ತಂದೆ ಬರುವುದನ್ನು ಬಿಟ್ಟರೆ ಮರಿ ಉಳಿಯುವುದಿಲ್ಲ.

ಕಾಗದಪತ್ರದ ವಿಷಯ: ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ರಸ್ತೆಯ ಮರಕ್ಕೆ ಕೈಹಚ್ಚುವ ಮುನ್ನ ವೃಕ್ಷಾಧಿಕಾರಿಯ ಅನುಮತಿ ಬೇಕು. ಅರ್ಜಿಯಲ್ಲಿ ಗೂಡು ಇದೆ ಎಂದು ಬರೆಯಿರಿ.

ಹೆಬ್ಬಾಳದ ಪಕ್ಷಿವೀಕ್ಷಕಿ

ಮರಗೆಲಸದವರು ಹೇಳಿದ್ದು ಚಿನ್ನದಂಥ ಮಾತು. ಅದಕ್ಕೆ ಇನ್ನೊಂದು ಸೇರಿಸುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕಾಡುಹಕ್ಕಿಯ ಗೂಡು ಕೆಡಿಸುವುದು, ಮೊಟ್ಟೆ ನಾಶ ಮಾಡುವುದು ಕೂಡ ಬೇಟೆಯ ವ್ಯಾಖ್ಯೆಯೊಳಗೆ ಬರುತ್ತದೆ. ಸಂಘದವರನ್ನು ಹೆದರಿಸಲು ಇದನ್ನು ಬಳಸಬೇಡಿ. ಬರಿಯ ಮಾಹಿತಿಯಾಗಿ ಮುಂದಿಡಿ. ಹೆದರಿಕೆಯಿಂದ ಉಳಿದ ಗೂಡನ್ನು ಮುಂದಿನ ವರ್ಷ ಯಾರೂ ಕಾಯುವುದಿಲ್ಲ.

ಮಾವಳ್ಳಿ ನಿವಾಸಿ

ಎಲ್ಲರಿಗೂ ಕೃತಜ್ಞತೆಗಳು. ಈ ಚರ್ಚೆಯ ಮುಖ್ಯ ಅಂಶಗಳನ್ನು ಸಂಘದ ಸಭೆಯಲ್ಲಿ ಓದಿ ಹೇಳಿದೆ. ಮರದ ಕಂಕುಳನ್ನು ಪರೀಕ್ಷಿಸಿದವರು ಅದು ಗಟ್ಟಿಯಾಗಿದೆ ಎಂದರು. ಹಕ್ಕಿಗಳು ಕೊಕ್ಕಿನಲ್ಲಿ ಹುಳು ಹಿಡಿದು ಬರುತ್ತಿರುವುದನ್ನು ಎಲ್ಲರೂ ನೋಡಿದ್ದೇವೆ, ಆದ್ದರಿಂದ ಮರಿಗಳಿರುವುದು ಖಚಿತ. ಶಾಲಾ ವಾಹನ ಈಗ ಮೂಲೆಯ ಅಂಗಡಿಯ ಮುಂದೆ ನಿಲ್ಲುತ್ತದೆ, ಮರದ ಕೆಳಗೆ ಹಗ್ಗ ಕಟ್ಟಿದ್ದೇವೆ. ಮರಿ ಹಾರಿದ ಮೇಲೆ ತುದಿಯನ್ನಷ್ಟೇ ಇಳಿಸಿ ಮೋಟನ್ನು ಉಳಿಸುವುದು ಎಂದು ಬರವಣಿಗೆಯಲ್ಲೇ ತೀರ್ಮಾನವಾಯಿತು. "ಇನ್ನೊಂದು ಮರಕ್ಕೆ ಹೋಗುತ್ತದೆ" ಎಂದಿದ್ದ ಹಿರಿಯರೇ ಹಗ್ಗ ತಂದುಕೊಟ್ಟರು.

ಈಗ ಅಕ್ಕಪಕ್ಕದ ರಸ್ತೆಯವರು ಕೇಳುತ್ತಿದ್ದಾರೆ: ಒಣಕೊಂಬೆ ಇಲ್ಲದ ಕಡೆ ಮರದ ಪೆಟ್ಟಿಗೆ ಕಟ್ಟಿದರೆ ಕುಟ್ರು ಬರುತ್ತದೆಯೇ?

ಹೆಬ್ಬಾಳದ ಪಕ್ಷಿವೀಕ್ಷಕಿ

ಓದಿ ತುಂಬ ಸಂತೋಷವಾಯಿತು. ಪೆಟ್ಟಿಗೆಯ ಬಗ್ಗೆ: ತಾನೇ ಕೊರೆಯುವುದು ಕುಟ್ರುವಿನ ಸಂಸಾರದ ಒಂದು ಭಾಗ. ಸಿದ್ಧವಾದ ಖಾಲಿ ಪೆಟ್ಟಿಗೆ ಅದರ ರೀತಿಗೆ ಹೊಂದುವುದಿಲ್ಲ. ಅದಕ್ಕಿಂತ, ಬಿದ್ದ ನುಗ್ಗೆ ಅಥವಾ ಬೂರುಗದಂಥ ಮೆದು ಮರದ ಸತ್ತ ತುಂಡನ್ನು, ತೊಡೆಯಷ್ಟು ದಪ್ಪ, ಮೂರು ನಾಲ್ಕು ಅಡಿ ಉದ್ದ, ನೆರಳಿರುವ ಎತ್ತರದಲ್ಲಿ ನೇರವಾಗಿ ಕಟ್ಟಿ ನೋಡಿ. ಬರುತ್ತದೆ ಎಂದು ಮಾತು ಕೊಡಲಾರೆ. ಪೆಟ್ಟಿಗೆಯೂ ವ್ಯರ್ಥವಲ್ಲ, ಮಡಿವಾಳ ಹಕ್ಕಿ ಬರಬಹುದು.

ಇನ್ನೂ ಒಂದು ಕಾರಣಕ್ಕೆ ಹಳೆಯ ತೂತುಗಳನ್ನು ಉಳಿಸಿ. ಒಂದು ಜೋಡಿ ಹಲವು ತೂತುಗಳನ್ನು ಕೊರೆದು ಕೆಲವನ್ನು ರಾತ್ರಿ ಮಲಗಲು ಬಳಸುತ್ತದೆ. ಅದು ಬಿಟ್ಟ ತೂತಿನಲ್ಲಿ ತಾನು ಕೊರೆಯಲಾರದ ಹಕ್ಕಿಗಳು ಸಂಸಾರ ಹೂಡುತ್ತವೆ. ಒಂದು ಕುಟ್ರು ಇದ್ದ ರಸ್ತೆಯಲ್ಲಿ ನಾಲ್ಕು ಬಗೆಯ ಹ‌ಕ್ಕಿಗೆ ಮನೆ. ಹಾಗೆಂದು ಕುಟ್ರುವನ್ನು ಸಾಧು ಎಂದುಕೊಳ್ಳಬೇಡಿ. ಹಣ್ಣಿನ ಮರದಲ್ಲಿ ಬೇರೆ ಹಕ್ಕಿಗಳನ್ನು ಅಟ್ಟಾಡಿಸುತ್ತದೆ. ಘಟ್ಟದ ಕಾಡಿನಲ್ಲಿ ತನಗಿಂತ ಚಿಕ್ಕದಾದ ಮಲಬಾರ್ ಕುಟ್ರುವಿನ ಗೂಡಿನ ಬಾಯನ್ನು ಕುಕ್ಕಿ ಹಾಳು ಮಾಡುವುದೂ ಉಂಟು. ಮೊಟ್ಟೆಗೆ ಬರುವ ಅಳಿಲನ್ನಂತೂ ಹತ್ತಿರ ಸೇರಿಸುವುದಿಲ್ಲ. ಬಿಜ್ಜು ಎಂಬ ಬೇಟೆಹಕ್ಕಿ ಬಂದಾಗ ಮಾತ್ರ ಎಲೆಯ ನಡುವೆ ಅಲುಗಾಡದೆ ಕೂರುತ್ತದೆ.

ವಿಜಯನಗರದ ಗೃಹಿಣಿ

ನಮ್ಮ ಬಾಲ್ಕನಿಯಲ್ಲಿ ಪಪ್ಪಾಯಿ, ಬಾಳೆಹಣ್ಣಿನ ತುಂಡು ಇಡುತ್ತೇನೆ. ಪಿಕಳಾರ, ಕೋಗಿಲೆ, ಆಗೊಮ್ಮೆ ಈಗೊಮ್ಮೆ ಕುಟ್ರು ಬರುತ್ತವೆ. ಮಕ್ಕಳಿಗೆ ಹಬ್ಬ. ಇದು ಹಕ್ಕಿಗೆ ಒಳ್ಳೆಯದೇ?

ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು

ತಾಯೀ, ಮಕ್ಕಳು ಹಕ್ಕಿ ನೋಡಿ ಬೆಳೆಯುವುದಕ್ಕಿಂತ ಒಳ್ಳೆಯದು ಬೇರೇನಿದೆ. ಬೆಳಿಗ್ಗೆ ಸ್ವಲ್ಪವೇ ಇಡಿ, ಬಿಸಿಲೇರುವ ಮುನ್ನ ಉಳಿದದ್ದನ್ನು ತೆಗೆಯಿರಿ, ತಟ್ಟೆಯನ್ನು ದಿನಾ ತೊಳೆಯಿರಿ. ಹುಳಿತ ಹಣ್ಣೂ ಕೊಳಕು ತಟ್ಟೆಯೂ ರೋಗ ಹರಡುತ್ತವೆ. ಗಿಡಗಳಿಗೆ ಕೀಟನಾಶಕ ಸಿಂಪಡಿಸಬೇಡಿ, ಮರಿಗಳ ಊಟ ಆ ಕೀಟಗಳೇ. ಆದರೆ ತಟ್ಟೆಯ ಹಣ್ಣಿನಿಂದ ಬೀಜ ಪ್ರಸಾರವಾಗುವುದಿಲ್ಲ, ಮರದಿಂದ ಮಾತ್ರ ಆಗುತ್ತದೆ. ಒಂದು ಗಿಡವನ್ನೂ ನೆಡಿ.

ಬನಶಂಕರಿ ರಾತ್ರಿಪಾಳಿ

ಯಾವ ಗಿಡ, ಎಲ್ಲಿ? ನಮ್ಮ ಬಡಾವಣೆಯಲ್ಲಿ ಒಂದು ಸಣ್ಣ ಉದ್ಯಾನವಿದೆ, ಪಕ್ಕದಲ್ಲೇ ರಾಜಕಾಲುವೆ. ಈ ಮಳೆಗಾಲದಲ್ಲಿ ಏನಾದರೂ ನೆಡೋಣ ಎಂದು ನೆರೆಹೊರೆಯವರು ಒಪ್ಪಿದ್ದಾರೆ. ಅಂದಹಾಗೆ ನಮ್ಮ ಹಿತ್ತಲಿನದು ಕಂಚುಗಾರನೇ. ಗಂಟಲು ಉಬ್ಬುವುದನ್ನು ನೋಡಿದೆ.

ನಿವೃತ್ತ ಸಸ್ಯಶಾಸ್ತ್ರದ ಮೇಷ್ಟ್ರು

ಮನೆಯ ಗೋಡೆಗೆ, ಒಳಚರಂಡಿಯ ಕೊಳವೆಗೆ ಹತ್ತಿರ ಅತ್ತಿ ಕುಲದ ಯಾವ ಮರವನ್ನೂ ನೆಡಬೇಡಿ. ಬೇರು ನೀರಿನ ವಾಸನೆ ಹಿಡಿದು ಹೋಗುತ್ತದೆ, ಹತ್ತು ವರ್ಷದ ಮೇಲೆ ಮರವನ್ನೇ ಕಡಿಸಬೇಕಾಗುತ್ತದೆ. ಮನೆಯಂಗಳಕ್ಕೆ ಕರಿಬೇವನ್ನು ಹೂ ಹಣ್ಣಾಗಲು ಬಿಟ್ಟರೂ ಸಾಕು, ಪಿಕಳಾರಗಳು ಮುತ್ತುತ್ತವೆ. ಬೀದಿಬದಿಯ ಗಸಗಸೆ ಹಣ್ಣಿನ ಮರ ಅಮೆರಿಕದಿಂದ ಬಂದದ್ದು. ಬೇಗ ಬೆಳೆದು ವರ್ಷದ ಬಹುಪಾಲು ಹಣ್ಣು ಕೊಡುತ್ತದೆ, ಕುಟ್ರುವಿಗೆ ಬಹಳ ಇಷ್ಟ. ಇರುವುದನ್ನು ಉಳಿಸಿಕೊಳ್ಳಿ, ಹೊಸದಾಗಿ ನೆಡುವುದಾದರೆ ನಮ್ಮ ಮರಗಳಿಗೆ ಮೊದಲ ಪಾಲು ಕೊಡಿ. ಶ್ರೀಗಂಧವನ್ನು ಬೇಲಿಯ ಪೊದೆಗಳ ನಡುವೆ ಹಾಕಬಹುದು. ಕರ್ನಾಟಕ ಅರಣ್ಯ ಕಾಯ್ದೆಯ 2001ರ ತಿದ್ದುಪಡಿಯ ನಂತರ ನಿಮ್ಮ ಜಾಗದ ಗಂಧದ ಮರ ನಿಮ್ಮದೇ, ಕಡಿಯಲು ಮಾತ್ರ ಅನುಮತಿ ಬೇಕು.

ನಿಮ್ಮ ಉದ್ಯಾನದ ರಾಜಕಾಲುವೆಯ ಬದಿಗೆ ಅತ್ತಿ ಹೇಳಿಮಾಡಿಸಿದ ಮರ, ತೇವವನ್ನು ತಾಳುತ್ತದೆ. ಕಾಲುವೆಯ ಕಟ್ಟಡದಿಂದ ಸಾಕಷ್ಟು ದೂರವಿಡಿ. ಉದ್ಯಾನದ ನಡುವೆ ಒಂದು ಗೋಣಿ, ಇನ್ನೊಂದು ತುದಿಗೆ ಒಂದು ಬಸರಿ. ಮೂರೂ ಬೇರೆಬೇರೆ ಜಾತಿಯಾದರೆ ಹಣ್ಣಿನ ಸರದಿ ತುಂಬುತ್ತದೆ. ಗೋಣಿಗೂ ಬಸರಿಗೂ ನರ್ಸರಿಯಲ್ಲಿ ಸಸಿ ಸಿಗದಿದ್ದರೆ ಚಿಂತೆಯಿಲ್ಲ. ಮಣಿಕಟ್ಟಿನಷ್ಟು ದಪ್ಪದ, ಆರಡಿ ಉದ್ದದ ಬಲಿತ ಗೂಟವನ್ನು ಜೂನ್ ತಿಂಗಳ ಮಳೆ ಹಿಡಿದ ಮೇಲೆ ಎರಡಡಿ ಆಳಕ್ಕೆ ನೆಟ್ಟು, ಮೇಲಿನ ತುದಿಗೆ ಸಗಣಿ ಮೆತ್ತಿ. ಹಿಂದೆ ಸಾಲುಮರಗಳನ್ನು ಹೀಗೆಯೇ ಬೆಳೆಸುತ್ತಿದ್ದರು. ಚಿಗುರು ಬಂದಿತೆಂದು ಬೇಸಿಗೆಯಲ್ಲಿ ನೀರು ನಿಲ್ಲಿಸಬೇಡಿ, ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆಯಾದರೂ ಬುಡ ನೆನೆಯಬೇಕು. ಗೂಟ ಬೇಕಾದರೆ ಇಲ್ಲೇ ಕೇಳಿ, ನಮ್ಮ ಬೀದಿಯ ಗೋಣಿಯನ್ನು ಅನುಮತಿ ಪಡೆದು ಸವರುವ ದಿನ ತಿಳಿಸುತ್ತೇನೆ.